ಮೊದಲ ಮೋಟಾರು ಸೈಕಲ್ಲಿನ ಆಯ್ಕೆ

ಮೊದಲ ಮೋಟಾರು ಸೈಕಲ್ಲಿನ ಆಯ್ಕೆ ಎಂದರೆ ಗೇರು ಇರುವ ದ್ವಿಚಕ್ರ ವಾಹನವನ್ನು ಹೊಸದಾಗಿ ಓಡಿಸಲು ಕಲಿತವರು ಅಥವಾ ಕಲಿಯುತ್ತಿರುವವರು ತಮ್ಮ ಮೈಕಟ್ಟು, ಕೌಶಲ, ದಿನನಿತ್ಯದ ಅಗತ್ಯ ಮತ್ತು ಹಣಕಾಸಿನ ಅನುಕೂಲಕ್ಕೆ ಹೊಂದುವ ವಾಹನವನ್ನು ನಿರ್ಧರಿಸುವ ಕ್ರಮ. ಯುರೋಪಿನ ದೇಶಗಳು, ಆಸ್ಟ್ರೇಲಿಯ, ಜಪಾನ್ ಮುಂತಾದೆಡೆ ಹೊಸ ಸವಾರನು ಎಂತಹ ವಾಹನವನ್ನು ಓಡಿಸಬಹುದು ಎಂಬುದನ್ನು ಕಾನೂನೇ ಮಿತಿಗೊಳಿಸುತ್ತದೆ. ಭಾರತದಲ್ಲಿ ಅಂತಹ ಮೆಟ್ಟಿಲುಗಳಿಲ್ಲ. ಆದ್ದರಿಂದ ಇಲ್ಲಿ ಆಯ್ಕೆಯ ಹೊಣೆಯು ಕೊಳ್ಳುವವರ ಮೇಲೆ, ಬಹಳಷ್ಟು ಸಲ ಅವರ ತಂದೆತಾಯಿಯರ ಮೇಲೆ ಬೀಳುತ್ತದೆ. ವಾಹನದ ತೂಕ, ಆಸನದ ಎತ್ತರ, ಎಂಜಿನ್ನಿನ ಶಕ್ತಿ ಹೊರಹೊಮ್ಮುವ ರೀತಿ ಮತ್ತು ಬ್ರೇಕಿನ ವ್ಯವಸ್ಥೆ ಇವು ನಾಲ್ಕು ಮೊದಲು ಗಮನಿಸತಕ್ಕವು. ಜಾಹೀರಾತುಗಳಲ್ಲಿ ಎದ್ದು ಕಾಣುವ ಬಣ್ಣ, ವಿನ್ಯಾಸ, ಗರಿಷ್ಠ ವೇಗ ಇತ್ಯಾದಿಗಳು ಅನಂತರದವು.

ಹಿನ್ನೆಲೆ

ಭಾರತದ 1988ರ ಮೋಟಾರು ವಾಹನ ಕಾಯಿದೆಯು ಮೋಟಾರು ಸೈಕಲ್ಲುಗಳ ಪರವಾನಗಿಯನ್ನು ಮುಖ್ಯವಾಗಿ ಎರಡು ವರ್ಗವಾಗಿ ನೋಡುತ್ತದೆ: ಗೇರು ಇಲ್ಲದವು ಮತ್ತು ಗೇರು ಇರುವವು. ಗೇರು ಇರುವ ವರ್ಗದೊಳಗೆ ಎಂಜಿನ್ನಿನ ಗಾತ್ರಕ್ಕೆ ತಕ್ಕ ಉಪವರ್ಗಗಳಿಲ್ಲ. ಕಲಿಕಾ ಪರವಾನಗಿ ದೊರೆತ 30 ದಿನಗಳ ಅನಂತರ ಸಾರಿಗೆ ಕಚೇರಿಯ ಮೈದಾನದಲ್ಲಿ 100 ಸಿ.ಸಿ. ಬೈಕಿನ ಮೇಲೆ ಎಂಟರ ಆಕಾರದಲ್ಲಿ ಸುತ್ತಿ ಪರೀಕ್ಷೆಯಲ್ಲಿ ತೇರ್ಗಡೆಯಾದ 18 ವರ್ಷದ ತರುಣನು ಮರುದಿನವೇ 1000 ಸಿ.ಸಿ. ಬೈಕನ್ನು ಹೆದ್ದಾರಿಗೆ ಇಳಿಸಿದರೂ ಕಾನೂನಿನ ದೃಷ್ಟಿಯಲ್ಲಿ ಅದು ತಪ್ಪಲ್ಲ.

ಇತರ ದೇಶಗಳ ಕ್ರಮ ಇದಕ್ಕಿಂತ ಭಿನ್ನವಾಗಿದೆ. ಐರೋಪ್ಯ ಒಕ್ಕೂಟದಲ್ಲಿ 2013ರ ಜನವರಿಯಿಂದ ಏಕರೂಪವಾಗಿ ಜಾರಿಯಲ್ಲಿರುವ ನಿಯಮದಂತೆ ಮೊದಲ ಹಂತದ ಪರವಾನಗಿಯಲ್ಲಿ 125 ಸಿ.ಸಿ. ಹಾಗೂ 11 ಕಿಲೋವ್ಯಾಟ್ ಮೀರದ ಬೈಕನ್ನು, ಎರಡನೆಯ ಹಂತದಲ್ಲಿ 35 ಕಿಲೋವ್ಯಾಟ್ ಮೀರದ ಬೈಕನ್ನು ಮಾತ್ರ ಓಡಿಸಬಹುದು. ಶಕ್ತಿಗೆ ಮಿತಿಯಿಲ್ಲದ ಪರವಾನಗಿ ದೊರೆಯುವುದು ಅನಂತರವೇ. ಆಸ್ಟ್ರೇಲಿಯದಲ್ಲಿ ಕಲಿಯುವವರ ಬೈಕು 660 ಸಿ.ಸಿ. ಒಳಗಿರಬೇಕಲ್ಲದೆ, ಒಂದು ಟನ್ ತೂಕಕ್ಕೆ 150 ಕಿಲೋವ್ಯಾಟ್ ಎಂಬ ಪ್ರಮಾಣವನ್ನೂ ಮೀರಬಾರದು. ಜಪಾನಿನಲ್ಲಿ 400 ಸಿ.ಸಿ. ಮೀರಿದ ಬೈಕಿಗೆ ಬೇರೆಯೇ ಪರವಾನಗಿ ಬೇಕು. ಯುರೋಪಿನ ಮೊದಲ ಹಂತದ 11 ಕಿಲೋವ್ಯಾಟ್ ಎಂದರೆ ಸುಮಾರು 15 ಅಶ್ವಶಕ್ತಿ. ಇದು ಭಾರತದ 150 ಸಿ.ಸಿ. ವರ್ಗದ ಬೈಕುಗಳ ಶಕ್ತಿಗೆ ಸರಿಸುಮಾರು ಸಮನಾದದ್ದು. ಭಾರತೀಯ ಕಾನೂನು ಹೇಳದೆ ಬಿಟ್ಟ ಮಿತಿಯನ್ನು ಹೊಸ ಸವಾರನು ತಾನೇ ಹಾಕಿಕೊಳ್ಳಲು ಇದೊಂದು ಅಳತೆಗೋಲಾಗಬಲ್ಲದು.

ಇಂತಹ ಮಿತಿಯ ಅಗತ್ಯವನ್ನು ಅಂಕಿ ಅಂಶಗಳು ತೋರಿಸುತ್ತವೆ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಜನ ಮೃತಪಟ್ಟರು. ಇವರಲ್ಲಿ ಶೇಕಡ 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿ ಇದ್ದವರು. ಹೊಸ ಬೈಕಿಗೂ ಅಪಘಾತಕ್ಕೂ ಇರುವ ನಂಟನ್ನು ಬಹಳ ಹಿಂದೆಯೇ ಅಭ್ಯಾಸ ಮಾಡಲಾಗಿದೆ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಪ್ರದೇಶದ ಸುಮಾರು 900 ಮೋಟಾರು ಸೈಕಲ್ ಅಪಘಾತಗಳನ್ನು ಸ್ಥಳದಲ್ಲಿಯೇ ಪರಿಶೀಲಿಸಿ 1981ರಲ್ಲಿ ವರದಿ ಪ್ರಕಟಿಸಿದರು. ಅಪಘಾತಕ್ಕೀಡಾದ ಸವಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಆ ನಿರ್ದಿಷ್ಟ ಬೈಕಿನ ಮೇಲೆ ಐದು ತಿಂಗಳ ಅನುಭವವೂ ಇರಲಿಲ್ಲ ಎಂಬುದು ಅದರ ಮುಖ್ಯ ಶೋಧನೆಗಳಲ್ಲಿ ಒಂದು. ಅವರ ಒಟ್ಟು ಸವಾರಿಯ ಅನುಭವ ಸರಾಸರಿ ಮೂರು ವರ್ಷಗಳಷ್ಟಿತ್ತು ಎಂಬುದು ಗಮನಾರ್ಹ. ಅಂದರೆ ಬೈಕು ಬಲ್ಲವರಿಗೂ ಹೊಸ ಬೈಕು ಹೊಸದೇ. ಬೈಕೂ ಹೊಸದು, ಸವಾರನೂ ಹೊಸಬ ಎಂದಾದಾಗ ಅಪಾಯ ಇಮ್ಮಡಿಸುತ್ತದೆ. ಆ ಸವಾರರಲ್ಲಿ ಶೇಕಡ 92 ಮಂದಿ ತಾವಾಗಿಯೇ ಅಥವಾ ಮನೆಯವರಿಂದ, ಗೆಳೆಯರಿಂದ ಬೈಕು ಕಲಿತವರು ಎಂದೂ ವರದಿ ತಿಳಿಸುತ್ತದೆ. ಊರಿನ ಶಾಲಾ ಮೈದಾನದಲ್ಲಿ ಅಣ್ಣನ ಹಿಂದೆ ಕುಳಿತು ಕಲಿಯುವ ನಮ್ಮ ಪದ್ಧತಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ತೂಕ ಮತ್ತು ಆಸನದ ಎತ್ತರ

ಹೊಸ ಸವಾರರು ಬೈಕನ್ನು ಬೀಳಿಸುವುದು ಹೆಚ್ಚಾಗಿ ವೇಗದಲ್ಲಿ ಅಲ್ಲ. ನಿಲ್ಲಿಸುವಾಗ, ತಿರುಗಿಸುವಾಗ, ಹಿಂದಕ್ಕೆ ತಳ್ಳುವಾಗ. ಓಡುತ್ತಿರುವ ಬೈಕು ತನ್ನ ಚಲನೆಯಿಂದಲೇ ಸಮತೋಲ ಕಾಯ್ದುಕೊಳ್ಳುತ್ತದೆ. ನಿಂತ ಬೈಕಿನ ಭಾರವನ್ನೆಲ್ಲ ಸವಾರನ ಕಾಲುಗಳು ಹೊರಬೇಕು. ಆದ್ದರಿಂದ ಶೋರೂಮಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಬೈಕು ಎಷ್ಟು ವೇಗವಾಗಿ ಓಡುತ್ತದೆ ಎಂಬುದಲ್ಲ, ಅದರ ತೂಕವೆಷ್ಟು ಎಂಬುದು.

ಭಾರತದಲ್ಲಿ ಸಾಮಾನ್ಯವಾಗಿ ಕಾಣಸಿಗುವ ಬೈಕುಗಳಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು. 1994ರಲ್ಲಿ ಮಾರುಕಟ್ಟೆಗೆ ಬಂದು ಇಂದಿಗೂ ಹಳ್ಳಿಹಳ್ಳಿಗಳಲ್ಲಿ ಓಡಾಡುತ್ತಿರುವ ಸ್ಪ್ಲೆಂಡರ್ ಸುಮಾರು 112 ಕಿ.ಗ್ರಾಂ. ತೂಗುತ್ತದೆ. ಹೋಂಡಾ ಶೈನ್ 125 ಅದಕ್ಕಿಂತ ತುಸು ಹೆಚ್ಚು. ಹೋಂಡಾ ಯೂನಿಕಾರ್ನ್ ಸುಮಾರು 140 ಕಿ.ಗ್ರಾಂ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195 ಕಿ.ಗ್ರಾಂ. ಇರುತ್ತದೆ. ಅಂದರೆ ಎರಡು ತುದಿಗಳ ನಡುವೆ ಒಬ್ಬ ವಯಸ್ಕ ಮನುಷ್ಯನಿಗಿಂತ ಹೆಚ್ಚಿನ ತೂಕದ ಅಂತರವಿದೆ. ಇಳಿಜಾರಿನ ಅಂಗಳದಲ್ಲಿ ನಿಲ್ಲಿಸಿದ ಬೈಕನ್ನು ಹಿಂದಕ್ಕೆ ಎಳೆದು ರಸ್ತೆಗೆ ತರುವ ಕೆಲಸದಲ್ಲಿ ಈ ಅಂತರ ತಕ್ಷಣ ಅರಿವಿಗೆ ಬರುತ್ತದೆ.

ತೂಕದ ಜೊತೆಗೆ ನೋಡಬೇಕಾದದ್ದು ಆಸನದ ಎತ್ತರ. ಸ್ಪ್ಲೆಂಡರಿನ ಆಸನ ನೆಲದಿಂದ ಸುಮಾರು 785 ಮಿ.ಮೀ., ಕ್ಲಾಸಿಕ್ 350ರದು ಸುಮಾರು 805 ಮಿ.ಮೀ. ಎತ್ತರದಲ್ಲಿವೆ. ಕಚ್ಚಾ ರಸ್ತೆಗೆಂದು ರೂಪಿಸಿದ ಹೀರೋ ಎಕ್ಸ್‌ಪಲ್ಸ್ 200ರಂತಹ ಬೈಕಿನಲ್ಲಿ ಅದು ಸುಮಾರು 825 ಮಿ.ಮೀ.; ಕಾಲು ಮುಂದಕ್ಕೆ ಚಾಚಿ ಕೂರುವ ಬಜಾಜ್ ಅವೆಂಜರ್‌ನಂತಹವುಗಳಲ್ಲಿ ಸುಮಾರು 737 ಮಿ.ಮೀ. ಮಾತ್ರ. ಬರಿಯ ಅಂಕೆಯನ್ನು ನಂಬಿ ನಿರ್ಧರಿಸುವುದು ಸರಿಯಲ್ಲ, ಏಕೆಂದರೆ ಆಸನ ಅಗಲವಾಗಿದ್ದರೆ ತೊಡೆಗಳು ಹರಡಿ ಕಾಲು ನೆಲಕ್ಕೆ ಎಟುಕುವುದು ಕಡಿಮೆಯಾಗುತ್ತದೆ. ನಿತ್ಯ ಹಾಕಿಕೊಳ್ಳುವ ಚಪ್ಪಲಿ ಅಥವಾ ಬೂಟಿನಲ್ಲಿಯೇ ಬೈಕಿನ ಮೇಲೆ ಕುಳಿತು, ಎರಡೂ ಪಾದಗಳ ಮುಂಭಾಗ ಒಟ್ಟಿಗೆ ದೃಢವಾಗಿ ನೆಲ ಮುಟ್ಟುತ್ತದೆಯೇ ಎಂದು ನೋಡಬೇಕು. ಒಂದೇ ಪಾದ ಊರಲು ಸಾಧ್ಯವಾಗಿ ಇನ್ನೊಂದು ಗಾಳಿಯಲ್ಲಿ ತೂಗಾಡುವಂತಿದ್ದರೆ, ಅಂತಹ ಬೈಕು ಅನುಭವಿಗಳಿಗೆ ಸರಿಹೋದೀತು, ಹೊಸಬರಿಗೆ ಸಲ್ಲದು. ನಮ್ಮ ರಸ್ತೆಗಳ ಅಂಚು ಒಂದು ಗೇಣು ತಗ್ಗಿರುವುದು ಸಾಮಾನ್ಯವಾದ್ದರಿಂದ ಎಟುಕುವ ಕಾಲೂ ಎಷ್ಟೋ ಸಲ ಎಟುಕದೆ ಹೋಗುತ್ತದೆ.

ಕಡಿಮೆ ಎತ್ತರದವರು, ಅದರಲ್ಲಿಯೂ ಸ್ಕೂಟರಿನಿಂದ ಬೈಕಿಗೆ ಬರುವ ಮಹಿಳೆಯರು, ಈ ಕಾರಣಕ್ಕೆ ಬೈಕೇ ತಮಗಲ್ಲವೆಂದು ಹಿಂಜರಿಯುವುದುಂಟು. ಆಸನ ತಗ್ಗಾಗಿದ್ದು, ಮುಂಭಾಗ ಸಪುರವಾಗಿರುವ, ತೂಕ 120 ಕಿ.ಗ್ರಾಂ. ಮೀರದ ಬೈಕುಗಳಲ್ಲಿ ಐದು ಅಡಿ ಎತ್ತರದವರೂ ಸುಲಭವಾಗಿ ಕಲಿಯಬಹುದು. ಬೈಕನ್ನು ಮಧ್ಯದ ಸ್ಟ್ಯಾಂಡಿಗೆ ಏರಿಸಿ ಇಳಿಸುವುದು, ಎಂಜಿನ್ ನಿಲ್ಲಿಸಿ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳುವುದು ಇವೆರಡನ್ನೂ ಶೋರೂಮಿನ ಮುಂದೆಯೇ ಯಾರ ಸಹಾಯವಿಲ್ಲದೆ ಮಾಡಿ ನೋಡುವುದು ಒಳ್ಳೆಯ ಪರೀಕ್ಷೆ. ಮಾರಾಟಗಾರರು ಅವಸರಪಡಿಸಿದರೂ ಬಿಡಬಾರದು.

ಹಿಂಬದಿ ಸವಾರರ ಭಾರವೂ ಲೆಕ್ಕಕ್ಕೆ ಬರುತ್ತದೆ. ಕಲಿಕಾ ಪರವಾನಗಿ ಇರುವಷ್ಟು ಕಾಲ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಆದರೆ ಪರವಾನಗಿ ಬಂದ ವಾರದಲ್ಲಿಯೇ ತಾಯಿಯನ್ನು ಸಂತೆಗೆ, ತಂಗಿಯನ್ನು ಕಾಲೇಜಿಗೆ ಬಿಡುವ ಕೆಲಸ ಬಂದೇ ಬರುತ್ತದೆ. ಹಿಂದೆ ಒಬ್ಬರು ಕುಳಿತಾಗ ಭಾರಕೇಂದ್ರ ಮೇಲಕ್ಕೂ ಹಿಂದಕ್ಕೂ ಸರಿದು, ತಿರುವಿನಲ್ಲಿ ಮತ್ತು ಬ್ರೇಕ್ ಹಿಡಿದಾಗ ಬೈಕಿನ ವರ್ತನೆಯೇ ಬದಲಾಗುತ್ತದೆ. ಸೀರೆಯುಟ್ಟವರು ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರುವಲ್ಲಿ ಇದು ಇನ್ನೂ ಹೆಚ್ಚು. ಹಿಂಚಕ್ರಕ್ಕೆ ಬಟ್ಟೆ ಸಿಲುಕದಂತೆ ತಡೆಯುವ ಕವಚ, ಹಿಡಿಕೆ ಮತ್ತು ಕಾಲೂರುವ ಪಟ್ಟಿ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಅಂದಕ್ಕಾಗಿ ಇವನ್ನು ಕಿತ್ತುಹಾಕಿಸುವವರು ಇದ್ದಾರೆ; ಸೀರೆಯ ಸೆರಗು ಅಥವಾ ದುಪಟ್ಟಾ ಚಕ್ರಕ್ಕೆ ಸುತ್ತಿಕೊಂಡು ಆಗುವ ಅನಾಹುತಗಳನ್ನು ಕಂಡವರು ಹಾಗೆ ಮಾಡಲಾರರು.

ಸಿ.ಸಿ. ಎಂಬ ಅಳತೆಯ ಮಿತಿ

ಎಂಜಿನ್ನಿನ ಸಿಲಿಂಡರಿನಲ್ಲಿ ಪಿಸ್ಟನ್ನು ಮೇಲಿನಿಂದ ಕೆಳಕ್ಕೆ ಚಲಿಸುವಾಗ ವ್ಯಾಪಿಸುವ ಘನಗಾತ್ರವನ್ನು ಘನ ಸೆಂಟಿಮೀಟರುಗಳಲ್ಲಿ ಅಳೆಯುತ್ತಾರೆ. ಇದನ್ನೇ ರೂಢಿಯಲ್ಲಿ ಸಿ.ಸಿ. ಎನ್ನುವುದು. ಬೈಕುಗಳನ್ನು ಹೋಲಿಸುವಾಗ ಜನ ಬಳಸುವ ಮೊದಲ ಅಳತೆ ಇದೇ ಆದರೂ, ಬೈಕು ಹೊಸಬರಿಗೆ ತಕ್ಕದ್ದೋ ಅಲ್ಲವೋ ಎಂಬುದನ್ನು ಇದೊಂದೇ ತಿಳಿಸುವುದಿಲ್ಲ.

ಕ್ಲಾಸಿಕ್ 350ರ 349 ಸಿ.ಸಿ. ಎಂಜಿನ್ನು ಸುಮಾರು 20 ಅಶ್ವಶಕ್ತಿ ನೀಡುತ್ತದೆ. ಅದಕ್ಕಿಂತ ಬಹಳ ಚಿಕ್ಕದಾದ, 200 ಸಿ.ಸಿ.ಯ ಕೆಟಿಎಂ ಡ್ಯೂಕ್ ಸುಮಾರು 25 ಅಶ್ವಶಕ್ತಿ ನೀಡುತ್ತದೆ; ತೂಕವೂ ಕಡಿಮೆ. ಹಿಂದಿನ ಕಾಲದಿಂದ ಉದಾಹರಣೆ ಬೇಕಿದ್ದರೆ ಯಮಹಾ ಆರ್‌ಎಕ್ಸ್ 100 ಇದೆ. 1985ರಿಂದ 1996ರವರೆಗೆ ಭಾರತದಲ್ಲಿ ತಯಾರಾದ ಈ ಎರಡು ಸ್ಟ್ರೋಕಿನ ಬೈಕಿನ 98 ಸಿ.ಸಿ. ಎಂಜಿನ್ನು ಸುಮಾರು 11 ಅಶ್ವಶಕ್ತಿ ಕೊಡುತ್ತಿತ್ತು. ಸರಿಸುಮಾರು ಅಷ್ಟೇ ಗಾತ್ರದ, ನಾಲ್ಕು ಸ್ಟ್ರೋಕಿನ ಸ್ಪ್ಲೆಂಡರ್ ಎಂಜಿನ್ನು ಕೊಡುವುದು 8 ಅಶ್ವಶಕ್ತಿ. ಒಂದೇ ಸಿ.ಸಿ.ಯ ಎರಡು ಬೈಕುಗಳಲ್ಲಿ ಒಂದು ಸಾಧುವಾಗಿಯೂ ಇನ್ನೊಂದು ಛಂಗನೆ ಹಾರುವಂತೆಯೂ ಇರಬಹುದೆಂಬುದನ್ನು ಆ ತಲೆಮಾರಿನ ಸವಾರರು ಚೆನ್ನಾಗಿ ಬಲ್ಲರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬರುತ್ತಿದ್ದ 250 ಸಿ.ಸಿ.ಯ ಜಾವಾ, ಯೆಜ್ದಿಗಳ ಮೇಲೆ ಕಲಿತವರೂ ಕರ್ನಾಟಕದಲ್ಲಿ ಸಾಕಷ್ಟಿದ್ದರು. ಆಗ ರಸ್ತೆಗಳಲ್ಲಿ ವಾಹನಗಳೇ ವಿರಳವಾಗಿದ್ದವು. ಈಗ ಅವರ ಮಾತನ್ನು ಆಧಾರವಾಗಿಟ್ಟುಕೊಂಡು ಹೊಸಬರಿಗೆ ಭಾರಿ ಬೈಕನ್ನು ಸಲಹೆ ಮಾಡುವುದು ಉಚಿತವಲ್ಲ.

ಶಕ್ತಿಯ ಮೊತ್ತಕ್ಕಿಂತ ಅದು ಬರುವ ಬಗೆ ಮುಖ್ಯ. ಕೆಲವು ಎಂಜಿನ್ನುಗಳು ಕಡಿಮೆ ವೇಗದಲ್ಲಿಯೇ ಸಾಕಷ್ಟು ಎಳೆತ ಒದಗಿಸುತ್ತವೆ. ಆಕ್ಸಿಲರೇಟರನ್ನು ಎಷ್ಟು ತಿರುಗಿಸಿದರೆ ಅಷ್ಟೇ ಮುಂದೆ ಸಾಗುತ್ತವೆ. ಮತ್ತೆ ಕೆಲವು ಮೊದಲು ಮಂದವಾಗಿದ್ದು, ಎಂಜಿನ್ನಿನ ಸುತ್ತುಗಳು ಒಂದು ಮಟ್ಟ ದಾಟಿದೊಡನೆ ಇದ್ದಕ್ಕಿದ್ದಂತೆ ನುಗ್ಗುತ್ತವೆ. ಹಂಪಿನ ಮೇಲೆ ಹತ್ತುವಾಗ ಹೊಸ ಸವಾರನ ಮುಂಗೈ ತನಗೆ ತಿಳಿಯದಂತೆ ಆಕ್ಸಿಲರೇಟರನ್ನು ತುಸು ತಿರುಗಿಸುವುದು ಸಹಜ. ಮೊದಲ ಬಗೆಯ ಬೈಕಿನಲ್ಲಿ ಇದರಿಂದ ಒಂದು ಸಣ್ಣ ಜಗ್ಗು ಉಂಟಾದೀತು. ಎರಡನೆಯ ಬಗೆಯದರಲ್ಲಿ ಮುಂದಿರುವ ವಾಹನಕ್ಕೆ ಹೋಗಿ ಗುದ್ದೀತು. ಕ್ಲಚ್ಚು ಮೃದುವಾಗಿರುವುದೂ ಅಷ್ಟೇ ಅಗತ್ಯ. ಬೆಂಗಳೂರಿನಂತಹ ನಗರದ ವಾಹನದಟ್ಟಣೆಯಲ್ಲಿ ಒಂದು ಗಂಟೆಯ ಹಾದಿಯಲ್ಲಿ ನೂರಾರು ಸಲ ಕ್ಲಚ್ಚು ಹಿಡಿಯಬೇಕಾಗುತ್ತದೆ. ಬಿಗಿಯಾದ ಕ್ಲಚ್ಚಿನಿಂದ ಕೈ ಸೋತು, ಬೇಕಾದ ಗಳಿಗೆಯಲ್ಲಿ ಹಿಡಿಯಲಾಗದೆ ಹೋಗುವ ಸಂಭವವಿದೆ.

ಇವೆಲ್ಲವನ್ನೂ ಕೂಡಿಸಿ ನೋಡಿದಾಗ 100ರಿಂದ 125 ಸಿ.ಸಿ.ಯ ಬೈಕು ಊರೊಳಗೆ ಮತ್ತು ಹತ್ತಿರದ ತಾಲ್ಲೂಕು ಕೇಂದ್ರಗಳಿಗೆ ಓಡಾಡುವ ಹೊಸಬರಿಗೆ ಧಾರಾಳವಾಗಿ ಸಾಕು. ಪ್ರತಿದಿನ ಹೆದ್ದಾರಿಯಲ್ಲಿ ಹೋಗಬೇಕಾದವರು, ಘಟ್ಟದ ಏರಿನಲ್ಲಿ ಇಬ್ಬರು ಸಾಗಬೇಕಾದವರು 150ರಿಂದ 160 ಸಿ.ಸಿ.ಯ, 12ರಿಂದ 16 ಅಶ್ವಶಕ್ತಿಯ ಬೈಕನ್ನು ಪರಿಗಣಿಸಬಹುದು. 350 ಸಿ.ಸಿ.ಯ ಭಾರದ ಬೈಕುಗಳು ಶಕ್ತಿಯ ದೃಷ್ಟಿಯಿಂದ ಸೌಮ್ಯವಾಗಿದ್ದರೂ ತೂಕದ ಕಾರಣ ಎರಡನೆಯ ಬೈಕಾಗಿ ಬರುವುದು ಲೇಸು. 40 ಅಶ್ವಶಕ್ತಿ ಮೀರಿದ ಹಗುರ ಬೈಕುಗಳು ಮೊದಲ ಸವಾರಿಗೆ ತಕ್ಕವಲ್ಲ.

ಬ್ರೇಕುಗಳು

ಚಲಿಸುವ ವಸ್ತುವಿನ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ ಎಂಬುದು ಪ್ರೌಢಶಾಲೆಯ ಭೌತಶಾಸ್ತ್ರದ ಪಾಠ. ಗಂಟೆಗೆ 40 ಕಿ.ಮೀ.ಯಿಂದ 60 ಕಿ.ಮೀ.ಗೆ ವೇಗ ಏರಿದರೆ ಒಂದೂವರೆ ಪಟ್ಟಾಯಿತು. ಆದರೆ ಬ್ರೇಕು ಹೀರಿಕೊಳ್ಳಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. 60 ಕಿ.ಮೀ. ವೇಗದಲ್ಲಿ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಡ್ಡ ಬಂದ ಹಸುವನ್ನು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿಯೇ ಇಷ್ಟು ದೂರ ಕಳೆದಿರುತ್ತದೆ.

ಮುಂದಿನ ಬ್ರೇಕು ಹಿಡಿದರೆ ಬೈಕು ಪಲ್ಟಿ ಹೊಡೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಾಢವಾಗಿದೆ. ಸೈಕಲ್ಲಿನ ಕಾಲದಿಂದ ಬಂದ ಈ ಭಯದಿಂದ ಅನೇಕರು ಹಿಂದಿನ ಬ್ರೇಕನ್ನು ಮಾತ್ರ ತುಳಿಯುತ್ತಾರೆ. ವಾಸ್ತವದಲ್ಲಿ ಬ್ರೇಕು ಹಿಡಿದಾಗ ವಾಹನದ ಭಾರ ಮುಂದಿನ ಚಕ್ರಕ್ಕೆ ವರ್ಗವಾಗುವುದರಿಂದ ನಿಲ್ಲಿಸುವ ಸಾಮರ್ಥ್ಯದ ಹೆಚ್ಚಿನ ಪಾಲು ಅಲ್ಲಿಯೇ ಇರುತ್ತದೆ. ಹಗುರವಾದ ಹಿಂಚಕ್ರ ಬೇಗ ಸಿಕ್ಕಿಹಾಕಿಕೊಂಡು ಜಾರುತ್ತದೆ. ಹರ್ಟ್ ವರದಿಯಲ್ಲಿಯೂ ಇದೇ ದೋಷ ಕಂಡುಬಂದಿತ್ತು. ಅಪಾಯದ ಗಳಿಗೆಯಲ್ಲಿ ಹೆಚ್ಚಿನ ಸವಾರರು ಹಿಂದಿನ ಬ್ರೇಕನ್ನು ಅತಿಯಾಗಿಯೂ ಮುಂದಿನದನ್ನು ತೀರ ಕಡಿಮೆಯಾಗಿಯೂ ಬಳಸಿದ್ದರು.

ಈ ದೌರ್ಬಲ್ಯವನ್ನು ಸ್ವಲ್ಪ ಮಟ್ಟಿಗೆ ಸರಿಪಡಿಸುವ ಎರಡು ವ್ಯವಸ್ಥೆಗಳು ಭಾರತದಲ್ಲಿ ಕಡ್ಡಾಯವಾಗಿವೆ. 2019ರ ಏಪ್ರಿಲ್ 1ರಿಂದ 125 ಸಿ.ಸಿ. ಮೀರಿದ ಎಲ್ಲ ಹೊಸ ದ್ವಿಚಕ್ರ ವಾಹನಗಳಲ್ಲಿ ಚಕ್ರ ಸಿಕ್ಕಿಹಾಕಿಕೊಳ್ಳುವುದನ್ನು ತಡೆಯುವ ಎಬಿಎಸ್ ಇರಬೇಕೆಂಬ ನಿಯಮ ಪೂರ್ಣವಾಗಿ ಜಾರಿಗೆ ಬಂದಿತು. 125 ಸಿ.ಸಿ. ಮತ್ತು ಅದಕ್ಕಿಂತ ಚಿಕ್ಕವುಗಳಿಗೆ, ಒಂದು ಬ್ರೇಕನ್ನು ಒತ್ತಿದರೆ ಎರಡೂ ಚಕ್ರಗಳಿಗೆ ಹಂಚಿಕೆಯಾಗುವ ಸಿಬಿಎಸ್ ಸಾಕೆಂದು ಆ ನಿಯಮ ಹೇಳಿತು. ಎಬಿಎಸ್ ಇರುವ ಬೈಕಿನಲ್ಲಿ ಚಕ್ರದ ಬಳಿಯ ಸಂವೇದಕವು ಚಕ್ರ ನಿಲ್ಲುವ ಸೂಚನೆ ಕಂಡೊಡನೆ ಬ್ರೇಕಿನ ಒತ್ತಡವನ್ನು ಸೆಕೆಂಡಿಗೆ ಹಲವಾರು ಬಾರಿ ಸಡಿಲಿಸಿ ಬಿಗಿಗೊಳಿಸುತ್ತದೆ. ಬ್ರೇಕಿನ ಹಿಡಿಯಲ್ಲಿ ಆಗ ಉಂಟಾಗುವ ಕಂಪನಕ್ಕೆ ಹೆದರಿ ಹೊಸಬರು ಕೈ ಬಿಡುವುದುಂಟು, ಬಿಡದೆ ಹಿಡಿದಿರಬೇಕು. ಒಂದೇ ಚಾನೆಲ್ಲಿನ ಎಬಿಎಸ್ ಮುಂದಿನ ಚಕ್ರವನ್ನು ಮಾತ್ರ ಕಾಯುತ್ತದೆ, ಎರಡು ಚಾನೆಲ್ಲಿನದು ಎರಡನ್ನೂ. ಮಲೆನಾಡಿನಂತಹ ಮಳೆಯ ಸೀಮೆಯಲ್ಲಿ, ಕೆಮ್ಮಣ್ಣು ಹರಡಿದ ಡಾಂಬರಿನ ಮೇಲೆ ಎರಡು ಚಾನೆಲ್ಲಿನ ಬೆಲೆ ಗೊತ್ತಾಗುತ್ತದೆ. ಆದರೆ ಸಡಿಲ ಜಲ್ಲಿಯ ಮೇಲೆ ಎಬಿಎಸ್ ನಿಲ್ಲುವ ದೂರವನ್ನು ಕಡಿಮೆ ಮಾಡುವುದಿಲ್ಲ, ಬದಲಿಗೆ ಹೆಚ್ಚಿಸಲೂಬಹುದು. ಚಿಕ್ಕ ಬೈಕುಗಳಲ್ಲಿ ಡ್ರಮ್ ಮತ್ತು ಡಿಸ್ಕ್ ಎಂಬ ಎರಡು ಬಗೆಗಳಿದ್ದಾಗ ಕೆಲವು ಸಾವಿರ ರೂಪಾಯಿ ಹೆಚ್ಚು ತೆತ್ತಾದರೂ ಮುಂದಿನ ಚಕ್ರಕ್ಕೆ ಡಿಸ್ಕ್ ಇರುವುದನ್ನು ಆರಿಸಿಕೊಳ್ಳುವುದು ಸೂಕ್ತ. ಮಿಶ್ರಲೋಹದ ಚಕ್ರಕ್ಕೋ ಬಣ್ಣದ ಪಟ್ಟಿಗೋ ಕೊಡುವ ಹಣಕ್ಕಿಂತ ಇದು ಸಾರ್ಥಕ.

ಹೊಸ ಬೈಕೇ, ಹಳೆಯದೇ

ಕಲಿಯುವಾಗ ಬೈಕು ಒಂದೆರಡು ಸಲವಾದರೂ ಬೀಳುತ್ತದೆ. ಹೊಸ ಬೈಕಾದರೆ ಪ್ರತಿ ಗೀರೂ ಮನೆಯಲ್ಲಿ ಮಾತಿಗೆ ಕಾರಣವಾಗುತ್ತದೆ. ಮೂರರಿಂದ ಐದು ವರ್ಷ ಹಳೆಯದಾದ, ಒಬ್ಬರೇ ಬಳಸಿದ 100 ಅಥವಾ 125 ಸಿ.ಸಿ. ಬೈಕು ಕಲಿಕೆಗೆ ಹೇಳಿ ಮಾಡಿಸಿದಂತಿರುತ್ತದೆ. ಒಂದೆರಡು ವರ್ಷದ ಬಳಿಕ ಮಾರಿದರೂ ಹೆಚ್ಚಿನ ನಷ್ಟವಿಲ್ಲ. ಆದರೆ ಹಳೆಯ ಬೈಕನ್ನು ಪರೀಕ್ಷಿಸಲು ತಿಳಿದ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ಯಬೇಕು; ಮಾರುವವರ ಕಡೆಯ ಮೆಕ್ಯಾನಿಕ್ ಆಗಬಾರದು.

ಎಂಜಿನ್ ತಣ್ಣಗಿರುವಾಗಲೇ ನೋಡಲು ಹೋಗಬೇಕು. ಮೊದಲೇ ಓಡಿಸಿ ಬಿಸಿ ಮಾಡಿಟ್ಟ ಬೈಕು ಸ್ಟಾರ್ಟ್ ಆಗುವ ತೊಂದರೆಯನ್ನು ಮುಚ್ಚಿಡುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ನಿರಂತರವಾಗಿ ಬರುತ್ತಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಮುಂದಿನ ಶಾಕ್ ಅಬ್ಸಾರ್ಬರಿನ ಕೊಳವೆಗಳ ಮೇಲೆ ಎಣ್ಣೆಯ ಪಸೆ ಇದೆಯೇ, ಮಧ್ಯದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಮುಂಚಕ್ರ ಎತ್ತಿ ಹ್ಯಾಂಡಲನ್ನು ತಿರುಗಿಸಿದಾಗ ನಡುವೆ ಕಚ್ಚುತ್ತದೆಯೇ, ಚೈನಿನ ಹಲ್ಲುಚಕ್ರದ ಹಲ್ಲುಗಳು ಸವೆದು ಕೊಕ್ಕೆಯಂತಾಗಿವೆಯೇ ಎಂದು ನೋಡಬೇಕು. ಹಿಂದಿನಿಂದ ನಿಂತು ನೋಡಿದಾಗ ಎರಡೂ ಚಕ್ರಗಳು ಒಂದೇ ನೇರದಲ್ಲಿ ಇಲ್ಲದಿದ್ದರೆ ಬೈಕು ಹಿಂದೆ ಜೋರಾಗಿ ಅಪ್ಪಳಿಸಿರುವ ಸಾಧ್ಯತೆ ಇದೆ. ಅಂತಹುದನ್ನು ಎಷ್ಟು ಅಗ್ಗವಾಗಿ ಕೊಟ್ಟರೂ ಬಿಡುವುದೇ ವಿವೇಕ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕೆಗಳ ಒಂದು ಗುರುತಿರುತ್ತದೆ. ಮೊದಲ ಎರಡು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದ ಟೈರು. ಮಾಪಕದಲ್ಲಿ ಕಡಿಮೆ ಕಿಲೋಮೀಟರ್ ತೋರಿಸಿ, ಕಾಲಿನ ಪೆಡಲಿನ ರಬ್ಬರು ಪೂರ್ತಿ ಸವೆದಿದ್ದರೆ ಯಾವುದನ್ನು ನಂಬಬೇಕೆಂಬುದು ಸ್ಪಷ್ಟ.

2020ರ ಏಪ್ರಿಲ್ 1ರಂದು ಬಿಎಸ್-6 ಮಾಲಿನ್ಯ ಮಾನದಂಡ ಜಾರಿಗೆ ಬರುವುದಕ್ಕೆ ಮುಂಚಿನ ಚಿಕ್ಕ ಬೈಕುಗಳಲ್ಲಿ ಹೆಚ್ಚಿನವು ಕಾರ್ಬ್ಯುರೇಟರ್ ಉಳ್ಳವು. ಅವನ್ನು ಯಾವ ಊರಿನ ಮೆಕ್ಯಾನಿಕ್ ಆದರೂ ಬಿಚ್ಚಿ ಸರಿಮಾಡಬಲ್ಲರು. ಅನಂತರದವುಗಳಲ್ಲಿ ಇಂಧನ ಚಿಮ್ಮಿಸುವ ವಿದ್ಯುನ್ಮಾನ ವ್ಯವಸ್ಥೆ ಬಂದಿದ್ದು, ಚಳಿಯ ಬೆಳಗಿನಲ್ಲಿಯೂ ಸುಲಭವಾಗಿ ಸ್ಟಾರ್ಟ್ ಆಗುತ್ತವೆ. ಆದರೆ ಕೆಟ್ಟಾಗ ಅಧಿಕೃತ ಸರ್ವಿಸ್ ಕೇಂದ್ರವನ್ನೇ ಹುಡುಕಬೇಕಾದೀತು. ಅಂತಹ ಕೇಂದ್ರ ಎಷ್ಟು ದೂರದಲ್ಲಿದೆ ಎಂಬುದು ಹಳ್ಳಿಯವರ ಆಯ್ಕೆಯಲ್ಲಿ ಸಣ್ಣ ಸಂಗತಿಯಲ್ಲ.

ಕಾಗದಪತ್ರಗಳಲ್ಲಿ ನೋಂದಣಿ ಪತ್ರ, ವಿಮೆ ಮತ್ತು ಮಾಲಿನ್ಯ ತಪಾಸಣೆಯ ಪ್ರಮಾಣಪತ್ರ ಮುಖ್ಯವಾದವು. ನೋಂದಣಿ ಪತ್ರದಲ್ಲಿರುವ ಎಂಜಿನ್ ಸಂಖ್ಯೆ ಮತ್ತು ಚಾಸಿ ಸಂಖ್ಯೆಗಳನ್ನು ಬೈಕಿನ ಮೇಲೆ ಕೊರೆದಿರುವುದರೊಡನೆ ತಾಳೆ ನೋಡಬೇಕು. ಬೈಕಿನ ಮೇಲೆ ಸಾಲವಿದ್ದು ತೀರಿದ್ದರೆ ನಮೂನೆ 35, ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30, ಬೇರೆ ರಾಜ್ಯದ ವಾಹನವಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರ ಅಂದರೆ ನಮೂನೆ 28 ಬೇಕಾಗುತ್ತವೆ. ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಮರುನೋಂದಣಿ ಮಾಡಿಸಬೇಕು. ವಾಹನವನ್ನು ಕೊಟ್ಟು ಹಣ ಪಡೆದು, ಹೆಸರು ಬದಲಾವಣೆಯನ್ನು ಮುಂದೂಡುವ ರೂಢಿ ಇಬ್ಬರಿಗೂ ಅಪಾಯಕಾರಿ. ಅಪಘಾತವಾದರೆ ನೋಟಿಸು ಬರುವುದು ಹಳೆಯ ಮಾಲೀಕರ ಮನೆಗೆ. ವಿಮೆಯ ತೊಡಕು ಹೊಸಬರಿಗೆ.

ಖರ್ಚು ಮತ್ತು ವಿಮೆ

ಜಾಹೀರಾತಿನಲ್ಲಿರುವುದು ಶೋರೂಮ್ ಬೆಲೆ. ಅದಕ್ಕೆ ಜೀವಾವಧಿ ತೆರಿಗೆ, ನೋಂದಣಿ ಶುಲ್ಕ ಮತ್ತು ವಿಮೆ ಸೇರಿ ರಸ್ತೆಗಿಳಿಯುವ ಬೆಲೆ ಆಗುತ್ತದೆ. 2018ರ ಸೆಪ್ಟೆಂಬರ್ 1ರಿಂದ ಸರ್ವೋಚ್ಚ ನ್ಯಾಯಾಲಯದ ಆದೇಶದ ಫಲವಾಗಿ ಹೊಸ ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೆ ಮಾಡಿಸಬೇಕು. ಈ ವಿಮೆಯ ಕಂತು 75, 150 ಮತ್ತು 350 ಸಿ.ಸಿ.ಯ ಗಡಿಗಳಲ್ಲಿ ಏರುತ್ತ ಹೋಗುತ್ತದೆ. ಆದ್ದರಿಂದ ದೊಡ್ಡ ಎಂಜಿನ್ನಿನ ಖರ್ಚು ಪೆಟ್ರೋಲಿನಲ್ಲಿ ಮಾತ್ರ ಇರುವುದಿಲ್ಲ. ಥರ್ಡ್ ಪಾರ್ಟಿ ವಿಮೆಯು ಎದುರಿನವರಿಗೆ ಆದ ಹಾನಿಗೆ ಸಂಬಂಧಿಸಿದ್ದು. ಸವಾರನ ಸ್ವಂತ ಬೈಕಿಗೆ ಅದರಿಂದ ಏನೂ ಬರುವುದಿಲ್ಲ.

ಹೆಲ್ಮೆಟ್ಟಿನ ಹಣವನ್ನು ಬೈಕಿನ ಬೆಲೆಯೊಳಗೇ ಸೇರಿಸಿಕೊಳ್ಳಬೇಕು. 2021ರ ಜೂನ್ 1ರಿಂದ ಐಎಸ್ 4151 ಮಾನಕದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ಟನ್ನು ದೇಶದಲ್ಲಿ ಮಾರುವಂತಿಲ್ಲ. ಕರ್ನಾಟಕದಲ್ಲಿ 2016ರಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಹೀಗಾಗಿ ಬೇಕಾದದ್ದು ಒಂದಲ್ಲ, ಎರಡು. ಮುಖವನ್ನೂ ಗಲ್ಲವನ್ನೂ ಮುಚ್ಚುವ ಹೆಲ್ಮೆಟ್ಟು ಹೊಸ ಸವಾರರಿಗೆ ತಕ್ಕದ್ದು. ಗಲ್ಲದ ಪಟ್ಟಿ ಹಾಕದೆ ಇಟ್ಟುಕೊಂಡರೆ ಅದು ತಲೆಯ ಮೇಲೆ ಉಳಿಯುವುದಿಲ್ಲ.

ವಯಸ್ಸು ಮತ್ತು ಪೋಷಕರ ಹೊಣೆ

ಗೇರು ಇರುವ ಮೋಟಾರು ಸೈಕಲ್ಲಿನ ಪರವಾನಗಿಗೆ 18 ವರ್ಷ ತುಂಬಿರಬೇಕು. 50 ಸಿ.ಸಿ. ಮೀರದ ವಾಹನವನ್ನು 16ನೆಯ ವಯಸ್ಸಿನಲ್ಲಿ ಓಡಿಸಬಹುದೆಂಬ ಅವಕಾಶ ಕಾಯಿದೆಯಲ್ಲಿದೆ. ಕಲಿಕಾ ಪರವಾನಗಿಯ ಅವಧಿ ಆರು ತಿಂಗಳು.

ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆಯ ಅಂಕ ಬಂದರೆ, ಪಿಯುಸಿ ಪಾಸಾದರೆ ಬೈಕು ಕೊಡಿಸುವುದಾಗಿ ಮಗನಿಗೆ ಮಾತು ಕೊಡುವುದು ಕರ್ನಾಟಕದ ಎಷ್ಟೋ ಮನೆಗಳಲ್ಲಿ ನಡೆದುಬಂದಿದೆ. ಎಸ್‌ಎಸ್‌ಎಲ್‌ಸಿ ಮುಗಿಸುವಾಗ ಹುಡುಗನಿಗೆ ಸಾಮಾನ್ಯವಾಗಿ 16, ಪಿಯುಸಿ ಮುಗಿಸುವಾಗ 17 ಅಥವಾ 18 ವರ್ಷ. ಬಹುಮಾನವಾಗಿ ಬರುವ ಬೈಕನ್ನು ಆರಿಸುವವನು ಹುಡುಗನೇ ಆಗಿರುವುದರಿಂದ, ಅವನ ಗೆಳೆಯರ ಬಳಿ ಯಾವುದಿದೆಯೋ ಅದು ಅಥವಾ ಅದಕ್ಕಿಂತ ದೊಡ್ಡದು ಮನೆಗೆ ಬರುತ್ತದೆ. 2019ರ ತಿದ್ದುಪಡಿಯಿಂದ ಸೇರಿದ 199ಎ ಪ್ರಕರಣದಂತೆ, ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗಿನ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿಯು 12 ತಿಂಗಳ ಕಾಲ ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ದೊರೆಯುವುದಿಲ್ಲ. ಮಾತು ಕೊಟ್ಟಾಗಿದ್ದರೆ, ಬೈಕಿಗೆ ಮೊದಲು ಚಾಲನಾ ಶಾಲೆಯ ಶುಲ್ಕ ಕಟ್ಟಿ, ಪರವಾನಗಿ ಬಂದ ಮೇಲೆ ಬೈಕಿನ ಮಾತೆತ್ತುವುದು ಮನೆಯಲ್ಲಿ ಜಗಳವಿಲ್ಲದೆ ಸಾಧ್ಯವಾಗುವ ದಾರಿ.

ಪರೀಕ್ಷಾ ಸವಾರಿ

ಶೋರೂಮಿನವರು ಸಾಮಾನ್ಯವಾಗಿ ಒಂದು ಸುತ್ತು ಓಡಿಸಲು ಬೈಕು ಕೊಡುತ್ತಾರೆ, ಅದಕ್ಕೆ ಪರವಾನಗಿ ಬೇಕು. ನೇರ ರಸ್ತೆಯಲ್ಲಿ ವೇಗವಾಗಿ ಹೋಗಿಬರುವುದರಿಂದ ತಿಳಿಯುವುದು ಕಡಿಮೆ. ನಡಿಗೆಯ ವೇಗದಲ್ಲಿ ಸಾಗುವುದು, ಕಿರಿದಾದ ರಸ್ತೆಯಲ್ಲಿ ಪೂರ್ತಿ ಹಿಂದಿರುಗುವುದು, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವುದು, ಹಂಪು ದಾಟುವುದು ಇವನ್ನು ಮಾಡಿ ನೋಡಬೇಕು. ನ್ಯೂಟ್ರಲ್ ಸುಲಭವಾಗಿ ಸಿಗುತ್ತದೆಯೇ, ಕನ್ನಡಿಗಳಲ್ಲಿ ತನ್ನ ಮೊಣಕೈಗಿಂತ ಹೆಚ್ಚಿಗೆ ಏನಾದರೂ ಕಾಣುತ್ತದೆಯೇ, ಇಂಡಿಕೇಟರಿನ ಗುಂಡಿ ಹೆಬ್ಬೆರಳಿಗೆ ಎಟುಕುತ್ತದೆಯೇ ಎಂಬ ಸಣ್ಣ ಸಂಗತಿಗಳು ದಿನವೂ ಕಾಡುವಂತಹವು. ಸೈಡ್ ಸ್ಟ್ಯಾಂಡ್ ಎತ್ತದೆ ಹೊರಟು ಎಡ ತಿರುವಿನಲ್ಲಿ ಬೀಳುವುದು ಹೊಸಬರಲ್ಲಿ ಸಾಮಾನ್ಯ. ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ತಾನಾಗಿ ನಿಲ್ಲುವ ಸೌಲಭ್ಯ ಈಚಿನ ಅನೇಕ ಬೈಕುಗಳಲ್ಲಿದೆ. ಆರಿಸುವಾಗ ಇದನ್ನು ಕೇಳಿ ತಿಳಿಯಬೇಕು.

ವಿದ್ಯುತ್ ಮೋಟಾರು ಸೈಕಲ್ಲುಗಳು

ಬೆಂಗಳೂರಿನ ಅಲ್ಟ್ರಾವಯಲೆಟ್ ಸೇರಿದಂತೆ ಕೆಲವು ಸಂಸ್ಥೆಗಳು ವಿದ್ಯುತ್ ಮೋಟಾರು ಸೈಕಲ್ಲುಗಳನ್ನು ತಯಾರಿಸುತ್ತಿವೆ. ಇವುಗಳಲ್ಲಿ ಸಾಮಾನ್ಯವಾಗಿ ಕ್ಲಚ್ಚು, ಗೇರುಗಳಿಲ್ಲದಿರುವುದರಿಂದ ಕಲಿಕೆ ಸುಲಭವೆನಿಸುತ್ತದೆ. ಆದರೆ ವಿದ್ಯುತ್ ಮೋಟಾರು ನಿಂತಲ್ಲಿಂದಲೇ ತನ್ನ ಪೂರ್ಣ ಎಳೆತವನ್ನು ನೀಡಬಲ್ಲದು, ಸದ್ದೂ ಇಲ್ಲ. ಹೀಗಾಗಿ ಹೊಸಬರು ಮೊದಲ ತಿಂಗಳುಗಳಲ್ಲಿ ಶಕ್ತಿಯನ್ನು ಮಿತಿಗೊಳಿಸುವ ಚಾಲನಾ ವಿಧಾನವನ್ನೇ ಬಳಸುವುದು ಒಳಿತು. 250 ವ್ಯಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಮೀರದ ವಾಹನಗಳನ್ನು ಬಿಟ್ಟರೆ ಉಳಿದ ವಿದ್ಯುತ್ ದ್ವಿಚಕ್ರ ವಾಹನಗಳಿಗೂ ಪರವಾನಗಿ, ನೋಂದಣಿ, ವಿಮೆಗಳು ಬೇಕು. ಗೇರು ಇಲ್ಲದ ವರ್ಗದ ಪರವಾನಗಿ ಪಡೆದವರು ಅದರ ಮೇಲೆ ಗೇರು ಇರುವ ಬೈಕನ್ನು ಓಡಿಸುವಂತಿಲ್ಲ. ಮುಂದೆ ಅಂತಹ ಬೈಕು ಕೊಳ್ಳುವ ಯೋಚನೆ ಇರುವವರು ಕಲಿಕಾ ಪರವಾನಗಿಯ ಅರ್ಜಿಯಲ್ಲಿಯೇ ಗೇರು ಇರುವ ವರ್ಗವನ್ನು ಗುರುತಿಸಬೇಕಾಗುತ್ತದೆ.